ಸಾಂಗ್ಲಿ-ಮಿರಜ ಭಾಗದ ಇಂಗ್ಲಿಷ್ ಪಾಠ ಮತ್ತು ನಮ್ಮ ಮಕ್ಕಳ ತಪ್ಪುಗಳು

"ತಪ್ಪನ್ನು ಗುರುತಿಸಿ, ವಾಕ್ಯ ಸರಿಪಡಿಸಿ" ಎಂಬ ಪ್ರಶ್ನೆ ಇಂಗ್ಲಿಷ್ ಪರೀಕ್ಷೆಗೆ ಹೊಸದಲ್ಲ. ನಮ್ಮ ಗಡಿಭಾಗದಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ.

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಇಂಗ್ಲಿಷ್ ಕಲಿತವರಿಗೆ ನೌಕರಿಯ ದಾರಿ ತೆರೆಯಿತು. ಮೊದಲು ನೆಸ್‌ಫೀಲ್ಡರ ವ್ಯಾಕರಣ, 1930ರ ದಶಕದ ನಂತರ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕ ಮನೆಮಾತಾದವು. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಖಾತೆಯಲ್ಲಿದ್ದವರು. ಆ ಪುಸ್ತಕವನ್ನು ಮುಖ್ಯವಾಗಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ ಬರೆದದ್ದು. ಹಾಗಾಗಿ ನಿಯಮ ಸಿಕ್ಕಿತು; ಕನ್ನಡದ ಮಗು ಏಕೆ ತಪ್ಪುತ್ತದೆ ಎಂಬುದಕ್ಕೆ ಉತ್ತರ ಸಿಗಲಿಲ್ಲ.

ಸಾಂಗ್ಲಿ-ಮಿರಜಗಳ ನಡುವೆ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿ 1919ರಲ್ಲಿ ವಿಲಿಂಗ್ಡನ್ ಕಾಲೇಜು ತೆರೆಯಿತು. ಆಕ್ಸ್‌ಫರ್ಡಿನಿಂದ ಮರಳಿದ ವಿ.ಕೃ. ಗೋಕಾಕರು 1938ರಲ್ಲಿ ಇಲ್ಲಿಗೆ ಪ್ರಾಚಾರ್ಯರಾಗಿ ಬಂದರು. ರಂ.ಶ್ರೀ. ಮುಗಳಿಯವರು ಇಲ್ಲಿಯೇ ಕನ್ನಡ ಕಲಿಸಿದರು. ಮುಂದೆ ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಕನ್ನಡದ ಕವಿಯೇ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯನ್ನು ನೋಡಿಕೊಂಡರು ಎಂಬುದು ನಮಗೆ ಹೆಮ್ಮೆಯ ಮಾತು.

ಮಹಾರಾಷ್ಟ್ರದಲ್ಲಿ ಮೊದಲು ಐದನೆಯ ಇಯತ್ತೆಯಿಂದ ಇದ್ದ ಇಂಗ್ಲಿಷ್ 2000ದಲ್ಲಿ ಒಂದನೆಯ ಇಯತ್ತೆಗೇ ಬಂತು. ಜತ್ತ ತಾಲೂಕಿನ ಕನ್ನಡ ಮಗುವಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಅದರ ಮೇಲೆ ಇಂಗ್ಲಿಷ್.

ಈಗ ತಪ್ಪುಗಳನ್ನು ನೋಡೋಣ.

'ಐ ವೆಂಟ್ ಟು ಹೋಮ್': 'ಮನೆಗೆ' ಎಂಬಲ್ಲಿಯ 'ಗೆ' ಪ್ರತ್ಯಯವನ್ನು ಮಗು 'ಟು' ಮಾಡಿದೆ. 'ಟು ಸ್ಕೂಲ್' ಸರಿ. ಆದರೆ 'ಹೋಮ್' ಇಲ್ಲಿ ಕ್ರಿಯಾವಿಶೇಷಣ, ಅದಕ್ಕೆ 'ಟು' ಬೇಡ.

'ವಿ ಡಿಸ್ಕಸ್ಡ್ ಅಬೌಟ್ ದಿ ಲೆಸನ್': 'ಪಾಠದ ಬಗ್ಗೆ' ಎಂಬುದರಿಂದ 'ಅಬೌಟ್' ಬಂದಿದೆ. 'ಡಿಸ್ಕಸ್' ನೇರವಾಗಿ ಕರ್ಮಪದವನ್ನು ತೆಗೆದುಕೊಳ್ಳುತ್ತದೆ. 'ವಿ ಡಿಸ್ಕಸ್ಡ್ ದಿ ಲೆಸನ್' ಸರಿ.

'ಹಿ ಗೋ ಟು ಮಿರಜ್': ಕನ್ನಡದಲ್ಲಿಯೂ ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ ಎಂದು ಕರ್ತೃವಿನಂತೆ ಕ್ರಿಯಾಪದ ಬದಲಾಗುತ್ತದೆ. ಇದನ್ನು ತೋರಿಸಿ 'ಗೋಸ್' ಹೇಳಿಕೊಟ್ಟರೆ ಮಗು ಬೇಗ ಹಿಡಿಯುತ್ತದೆ.

'ಒನ್ ಆಫ್ ಮೈ ಫ್ರೆಂಡ್': ಕನ್ನಡದಲ್ಲಿ 'ನನ್ನ ಗೆಳೆಯರಲ್ಲಿ ಒಬ್ಬ' ಎನ್ನುತ್ತೇವೆ, 'ಗೆಳೆಯನಲ್ಲಿ ಒಬ್ಬ' ಎನ್ನುವುದಿಲ್ಲ. ಬಹುವಚನ ಕನ್ನಡದಲ್ಲೇ ಇದೆ. ಆದ್ದರಿಂದ 'ಫ್ರೆಂಡ್ಸ್' ಆಗಬೇಕು.

ಮೊದಲ ಎರಡು ತಪ್ಪು ಕನ್ನಡದಿಂದ ಬಂದವು. ಕೊನೆಯ ಎರಡನ್ನು ಕನ್ನಡವೇ ತಿದ್ದುತ್ತದೆ. "ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಬರುವುದಿಲ್ಲ" ಎಂದು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋಗುವುದನ್ನು ನಾವು ನೋಡುತ್ತಿದ್ದೇವೆ. ಬರೀ ಕೆಂಪು ಗೆರೆ ಎಳೆದರೆ ಆ ಮಾತಿಗೆ ನಾವೇ ಬಲ ಕೊಟ್ಟಂತೆ. ಶಿಕ್ಷಕ ಬಂಧುಗಳೇ, ತಪ್ಪಿದ ವಾಕ್ಯದ ಪಕ್ಕದಲ್ಲಿ ಅದರ ಕನ್ನಡ ವಾಕ್ಯವನ್ನೂ ಬರೆಸೋಣ. ತಪ್ಪು ಎಲ್ಲಿಂದ ಬಂತೆಂದು ಮಗುವಿಗೇ ಕಾಣಲಿ.