ಜಪಮಾಲೆಯ ಆಯ್ಕೆ: ಎಣಿಕೆ, ದ್ರವ್ಯ ಮತ್ತು ಅಹಿಂಸೆ

ಜಪಮಾಲೆಗೆ ಸಂಸ್ಕೃತದಲ್ಲಿ ‘ಅಕ್ಷಮಾಲೆ’ ಎಂಬ ಹೆಸರೂ ಉಂಟು. ‘ಅಕ್ಷ’ ಎಂದರೆ ಕಣ್ಣು; ಅಕ್ಷ ಎಂದರೆ ಜೂಜಿನ ದಾಳ; ಆ ದಾಳವಾಗಿ ಹಿಂದೆ ಬಳಕೆಯಾಗುತ್ತಿದ್ದ ತಾರೆಕಾಯಿಯೂ ಅಕ್ಷವೇ. ಕಾಯಿ, ಬೀಜಗಳನ್ನು ಎಣಿಕೆಗೆ ಬಳಸುವ ಅಭ್ಯಾಸ ಎಷ್ಟು ಹಳೆಯದೆಂಬುದನ್ನು ಈ ಒಂದು ಪದವೇ ಸೂಚಿಸುತ್ತದೆ. ಇದರ ಜೊತೆಗೆ, ‘ಅ’ಕಾರದಿಂದ ‘ಕ್ಷ’ಕಾರದವರೆಗಿನ ವರ್ಣಮಾಲೆಯೇ ಅಕ್ಷಮಾಲೆ ಎಂಬ ಮತ್ತೊಂದು ನಿರ್ವಚನವೂ ಬೆಳೆದು ಬಂದಿತು. ಹೊಯ್ಸಳ ಶಿಲ್ಪಗಳಲ್ಲಿಯೂ ರಾಜಸ್ಥಾನದ ಪಲ್ಲೂವಿನಲ್ಲಿ ದೊರೆತ ಹನ್ನೆರಡನೆಯ ಶತಮಾನದ ಪ್ರಸಿದ್ಧ ಜೈನ ಸರಸ್ವತೀ ವಿಗ್ರಹದಲ್ಲಿಯೂ ಪುಸ್ತಕದೊಂದಿಗೆ ಅಕ್ಷಮಾಲೆಯೂ ದೇವಿಯ ಕೈಯಲ್ಲಿದೆ. ಬರೆದಿಟ್ಟದ್ದು ಹಾಗೂ ಮನದಲ್ಲಿ ಮರಳಿ ಮರಳಿ ನೆನೆದದ್ದು, ಇವೆರಡೂ ಕೂಡಿಯೇ ವಿದ್ಯೆ ಎಂಬ ಭಾವ ಆ ಮೂರ್ತಿಗಳಲ್ಲಿ ಮೈದಾಳಿದೆ.

ಧ್ಯಾನಕ್ಕೆ ಕೂರುವವನಿಗೆ ಯಾವ ಮಾಲೆ ತಕ್ಕುದು ಎಂಬ ಪ್ರಶ್ನೆಯನ್ನು ಇಂದಿನ ಅಂಗಡಿಗಳು ರಾಶಿ, ನಕ್ಷತ್ರ, ಗ್ರಹಗಳ ಲೆಕ್ಕದಲ್ಲಿ ಬಗೆಹರಿಸಿಕೊಡುತ್ತವೆ. ಶಾಸ್ತ್ರಗ್ರಂಥಗಳ ಇತಿಹಾಸವನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಬೇರೆಯದೇ ಆದ ಎರಡು ಒರೆಗಲ್ಲುಗಳು ಕಾಣಸಿಗುತ್ತವೆ. ಎಣಿಕೆ ಯಾವುದಕ್ಕಾಗಿ ಎಂಬುದು ಒಂದು. ಎಣಿಕೆಯ ಸಾಧನವು ಯಾವ ಜೀವಕ್ಕೆ ಎಷ್ಟು ಭಾರವಾಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಭಾರತೀಯ ಪರಂಪರೆಗಳೆಲ್ಲವೂ ಚರ್ಚಿಸಿವೆ. ಎರಡನೆಯದನ್ನು ಜೈನ ಆಚಾರಶಾಸ್ತ್ರದ ಬೆಳಕಿನಲ್ಲಿ ನೋಡಿದಾಗ ಅದರ ಗಾಂಭೀರ್ಯ ಸ್ಪಷ್ಟವಾಗುತ್ತದೆ.

ಅಕ್ಷಮಾಲಿಕೋಪನಿಷತ್ತಿನಲ್ಲಿ ಪ್ರಜಾಪತಿಯು ಗುಹನನ್ನು ಅಕ್ಷಮಾಲೆಯ ಭೇದಗಳ ಕುರಿತು ಪ್ರಶ್ನಿಸುತ್ತಾನೆ. ಉತ್ತರವಾಗಿ ಬರುವ ಪಟ್ಟಿಯಲ್ಲಿ ಹತ್ತು ದ್ರವ್ಯಗಳಿವೆ: ಹವಳ, ಮುತ್ತು, ಸ್ಫಟಿಕ, ಶಂಖ, ಬೆಳ್ಳಿ, ಚಿನ್ನ, ಚಂದನ, ಪುತ್ರಜೀವ, ಕಮಲದ ಬೀಜ ಮತ್ತು ರುದ್ರಾಕ್ಷಿ. ರತ್ನ, ಲೋಹ, ಮರ, ಬೀಜ, ಕಡಲ ಜೀವಿಯ ಚಿಪ್ಪು ಎಲ್ಲವೂ ಇಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ಮುಂದೆ ಪಂಥಗಳು ಬೇರೆಬೇರೆಯಾದಂತೆ ಈ ಸಾಲು ಒಡೆಯಿತು. ರುದ್ರಾಕ್ಷಿ ಶೈವರದಾಯಿತು, ವೀರಶೈವರಲ್ಲಿ ಅದು ಅಷ್ಟಾವರಣಗಳಲ್ಲಿಯೇ ಒಂದಾಗಿ ಸೇರಿತು. ತುಳಸಿಮಣಿ ವೈಷ್ಣವರ ಕೊರಳನ್ನೂ ಕೈಯನ್ನೂ ಅಲಂಕರಿಸಿತು. ಹೀಗೆ ಮಾಲೆಯು ಎಣಿಕೆಯ ಸಾಧನವಾಗಿದ್ದಂತೆಯೇ ಧರಿಸಿದವನ ನಿಷ್ಠೆಯನ್ನು ನೋಡುವವರಿಗೆ ತಿಳಿಸುವ ಗುರುತೂ ಆಯಿತು. ಕಬೀರನಂಥ ಸಂತರು ಮಾಲೆಯನ್ನು ಟೀಕಿಸಿದಾಗ ಅವರ ಆಕ್ಷೇಪ ಈ ಎರಡನೆಯ ಉಪಯೋಗದ ಮೇಲೆಯೇ ಹೆಚ್ಚಾಗಿ ಹರಿಯಿತು.

ಬೌದ್ಧ ಪರಂಪರೆಯು ಚೀನೀ ಅನುವಾದದ ಮೂಲಕ ಉಳಿಸಿಕೊಂಡಿರುವ ಒಂದು ಕಿರುಸೂತ್ರ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆಯುತ್ತದೆ. ರೋಗ, ಕ್ಷಾಮ, ದಂಗೆಗಳಿಂದ ಬಳಲಿದ ಸಣ್ಣ ರಾಜ್ಯದ ದೊರೆಯೊಬ್ಬನು, ರಾಜಕಾರ್ಯದ ನಡುವೆಯೂ ಆಚರಿಸಬಹುದಾದ ಸುಲಭ ಸಾಧನೆಯೊಂದನ್ನು ಬುದ್ಧನಲ್ಲಿ ಬೇಡುತ್ತಾನೆ. ನೂರೆಂಟು ಅಂಟುವಾಳದ ಬೀಜಗಳನ್ನು ಪೋಣಿಸಿಕೊಂಡು, ನಡೆಯುವಾಗಲೂ ಕೂರುವಾಗಲೂ ತ್ರಿಶರಣವನ್ನು ಸ್ಮರಿಸುತ್ತ ಒಂದೊಂದೇ ಬೀಜವನ್ನು ಸರಿಸು ಎಂಬುದು ಅವನಿಗೆ ದೊರೆತ ಉಪದೇಶ. ಚಿನ್ನ, ಮುತ್ತುಗಳನ್ನು ತರಿಸಬಲ್ಲ ಅರಸನಿಗೆ ಬಟ್ಟೆ ಒಗೆಯುವ ಅಂಟುವಾಳವನ್ನು ಸೂಚಿಸಿದ್ದು ಆ ಕಥೆಯ ಸಾರ. ಸಾಧಕನ ಬಿಡುವು ಮತ್ತು ಅಳವುಗಳಿಗೆ ಹೊಂದಿಕೊಳ್ಳುವುದೇ ಅಲ್ಲಿ ಮಾಲೆಯ ಯೋಗ್ಯತೆ.

ಜೈನ ಪರಂಪರೆಯಲ್ಲಿ ಎಣಿಕೆಯು ಮಣಿಯನ್ನು ನೆಚ್ಚಿಕೊಂಡಿರಲಿಲ್ಲ. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಕಾಯೋತ್ಸರ್ಗದ ಕಾಲಮಾನವನ್ನು ಉಚ್ಛ್ವಾಸಗಳಲ್ಲಿ ಹೇಳುತ್ತದೆ. ಹಗಲಿನ ಪ್ರತಿಕ್ರಮಣಕ್ಕೆ 108 ಉಚ್ಛ್ವಾಸ, ರಾತ್ರಿಯದಕ್ಕೆ ಅದರ ಅರ್ಧ 54, ಪಾಕ್ಷಿಕಕ್ಕೆ 300, ಚಾತುರ್ಮಾಸಿಕಕ್ಕೆ 400, ಸಾಂವತ್ಸರಿಕಕ್ಕೆ 500. ಒಂದು ಪಂಚನಮಸ್ಕಾರಕ್ಕೆ ಮೂರು ಉಚ್ಛ್ವಾಸಗಳಂತೆ ಒಂಬತ್ತು ನಮಸ್ಕಾರಗಳಿಗೆ ಇಪ್ಪತ್ತೇಳು ಎಂಬ ಲೆಕ್ಕ ದಿಗಂಬರ ಆಚರಣೆಯಲ್ಲಿ ಇಂದಿಗೂ ರೂಢಿಯಲ್ಲಿದೆ. ಇಲ್ಲಿ ಉಸಿರೇ ಮಣಿ, ದೇಹವೇ ದಾರ. ದಿಗಂಬರ ಮುನಿಗೆ ವಿಹಿತವಾದ ಉಪಕರಣಗಳು ಮೂರು: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಈ ಮೂರರಲ್ಲಿ ಜಪಮಾಲೆಗೆ ಪ್ರತ್ಯೇಕ ಸ್ಥಾನವಿಲ್ಲ. ಆದುದರಿಂದ ಮಾಲೆಯ ಆಯ್ಕೆ ಎಂಬುದು ಮುಖ್ಯವಾಗಿ ಗೃಹಸ್ಥನಾದ ಶ್ರಾವಕನ ಮುಂದಿರುವ ಪ್ರಶ್ನೆ.

ನೂರೆಂಟು ಎಂಬ ಸಂಖ್ಯೆಗೆ ಜೈನರು ನೀಡುವ ವಿವರಣೆಗಳು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಶ್ವೇತಾಂಬರರು ಪಂಚಪರಮೇಷ್ಠಿಗಳ ಗುಣಗಳನ್ನು ಕೂಡಿಸಿ ಈ ಸಂಖ್ಯೆಯನ್ನು ಪಡೆಯುತ್ತಾರೆ: ಅರಿಹಂತರ 12, ಸಿದ್ಧರ 8, ಆಚಾರ್ಯರ 36, ಉಪಾಧ್ಯಾಯರ 25, ಸಾಧುಗಳ 27. ದಿಗಂಬರರ ಗಣನೆಯಲ್ಲಿ ಅರಹಂತರ ಗುಣಗಳು 46, ಸಾಧುಗಳ ಮೂಲಗುಣಗಳು 28 ಆಗಿರುವುದರಿಂದ ಮೊತ್ತ 143 ಆಗುತ್ತದೆ. ಅವರಲ್ಲಿ ನೂರೆಂಟರ ಮೂಲವನ್ನು ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಕಾಣಲಾಗುತ್ತದೆ. ಕೃತ್ಯವನ್ನು ಸಂಕಲ್ಪಿಸುವ ಸಂರಂಭ, ಸಾಧನಗಳನ್ನು ಒದಗಿಸಿಕೊಳ್ಳುವ ಸಮಾರಂಭ, ತೊಡಗುವ ಆರಂಭ ಎಂಬ ಮೂರು; ಮನ, ವಚನ, ಕಾಯ ಎಂಬ ಮೂರು; ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂಬ ಮೂರು; ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು. ಇವನ್ನು ಗುಣಿಸಿದರೆ 108 ಆಸ್ರವದ್ವಾರಗಳು ದೊರೆಯುತ್ತವೆ. ಒಂದು ವಿವರಣೆಯಲ್ಲಿ ಮಣಿಯು ಪೂಜ್ಯರ ಗುಣವನ್ನು ನೆನಪಿಸುತ್ತದೆ. ಮತ್ತೊಂದರಲ್ಲಿ ಸಾಧಕನ ದೋಷವನ್ನು ತೋರಿಸುತ್ತದೆ. ದಿಗಂಬರರ ಮಾಲೆಯ ತುದಿಯಲ್ಲಿ ಸಮ್ಯಗ್ದರ್ಶನ, ಜ್ಞಾನ, ಚಾರಿತ್ರಗಳ ಸಂಕೇತವಾಗಿ ಇನ್ನೂ ಮೂರು ಮಣಿಗಳಿರುತ್ತವೆ. ನೂರೆಂಟು ಬಾಗಿಲುಗಳನ್ನು ಮುಚ್ಚುತ್ತ ಬಂದ ಬೆರಳು ಕೊನೆಗೆ ರತ್ನತ್ರಯವನ್ನು ಮುಟ್ಟುತ್ತದೆ.

ಈ ಎರಡನೆಯ ವಿವರಣೆಯನ್ನು ಒಪ್ಪಿದರೆ ಒಂದು ಕಠಿಣ ಪರಿಣಾಮ ಅನಿವಾರ್ಯವಾಗುತ್ತದೆ. ಮಾಡಿದ್ದಷ್ಟೇ ಅಲ್ಲದೆ ಮಾಡಿಸಿದ್ದೂ ಒಪ್ಪಿದ್ದೂ ಹಿಂಸೆಯ ಲೆಕ್ಕಕ್ಕೆ ಸೇರುವುದಾದರೆ, ಅಂಗಡಿಯಲ್ಲಿ ಕೊಂಡ ಮಾಲೆಯ ಹಿಂದಿರುವ ಹಿಂಸೆಯೂ ಆ ನೂರೆಂಟರೊಳಗೆ ಬರುತ್ತದೆ. ಮಾಲೆಯ ದ್ರವ್ಯವನ್ನು ಈ ದೃಷ್ಟಿಯಿಂದ ಪರೀಕ್ಷಿಸಬೇಕು.

ಶಂಖ ಮತ್ತು ಮುತ್ತಿನ ಚಿಪ್ಪಿನ ಜೀವಿಗಳು ಜೈನ ಜೀವಶಾಸ್ತ್ರದಲ್ಲಿ ದ್ವೀಂದ್ರಿಯಗಳಿಗೆ ಕೊಡುವ ಪರಿಚಿತ ಉದಾಹರಣೆಗಳು. ಮುತ್ತನ್ನು ತೆಗೆಯುವಾಗ ಚಿಪ್ಪಿನೊಳಗಿನ ಜೀವ ಸಾಮಾನ್ಯವಾಗಿ ಉಳಿಯುವುದಿಲ್ಲ. ಆನೆದಂತ ಮತ್ತು ಎಲುಬಿನ ಮಣಿಗಳ ವಿಷಯದಲ್ಲಿ ಹೆಚ್ಚಿನ ವಿವೇಚನೆಯೇ ಬೇಕಿಲ್ಲ. ಹವಳದ ವಿಷಯ ಸ್ವಾರಸ್ಯಕರವಾಗಿದೆ. ‘ಉತ್ತರಾಧ್ಯಯನ’ದ ಮೂವತ್ತಾರನೆಯ ಅಧ್ಯಯನವೂ ‘ಮೂಲಾಚಾರ’ವೂ ಹವಳವನ್ನು ಹರಿತಾಳ, ಅಭ್ರಕಗಳ ಜೊತೆಯಲ್ಲಿ ಪೃಥ್ವೀಕಾಯದ ಭೇದವಾಗಿ ಎಣಿಸಿವೆ. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ನಿಸರ್ಗತಜ್ಞ ಪೆಯ್ಸೊನೆಲ್ ಅದನ್ನು ಪ್ರಾಣಿಗಳ ರಚನೆಯೆಂದು ಗುರುತಿಸಿದ ಬಳಿಕ, ಹವಳವು ಕಡಲ ಸಣ್ಣ ಜೀವಿಗಳು ಕಟ್ಟಿದ ಅಸ್ಥಿಪಂಜರ ಎಂಬುದು ಕ್ರಮೇಣ ಸರ್ವಸಮ್ಮತವಾಯಿತು. ಶಾಸ್ತ್ರಕಾರರ ವರ್ಗೀಕರಣ ಅವರ ಕಾಲದ ತಿಳಿವಳಿಕೆಯದು; ಜೀವವಿರುವಲ್ಲಿ ಯತ್ನಾಚಾರ ಬೇಕೆಂಬ ಅವರ ತತ್ತ್ವ ಕಾಲಕ್ಕೆ ಕಟ್ಟುಬಿದ್ದುದಲ್ಲ. ಆ ತತ್ತ್ವವನ್ನು ಇಂದಿನ ತಿಳಿವಳಿಕೆಗೆ ಅನ್ವಯಿಸಿದರೆ ಹವಳದ ಮಾಲೆಯೂ ಮುತ್ತಿನ ಮಾಲೆಯ ಸಾಲಿಗೇ ಸೇರುತ್ತದೆ. ಮಣಿಯಷ್ಟೇ ಅಲ್ಲ, ದಾರವನ್ನೂ ನೋಡಬೇಕು. ಗೂಡಿನೊಳಗಿನ ಹುಳುವನ್ನು ಕೊಂದು ತೆಗೆದ ರೇಷ್ಮೆಯ ಎಳೆಯಲ್ಲಿ ನಿರ್ದೋಷವಾದ ಬೀಜಗಳನ್ನು ಪೋಣಿಸಿದರೂ ಮಾಲೆ ನಿರ್ದೋಷವಾಗದು.

ಶ್ರೀಗಂಧವು ಕನ್ನಡ ನಾಡಿನ ಸ್ವಂತ ದ್ರವ್ಯ. ಸಾಗರ, ಸೊರಬ ಮತ್ತು ಉತ್ತರ ಕನ್ನಡದ ಗುಡಿಗಾರರ ಕೆತ್ತನೆ ಅದಕ್ಕೆ ಕೀರ್ತಿ ತಂದಿದೆ. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ, 1792ರಲ್ಲಿ ಗಂಧವು ರಾಜವೃಕ್ಷವಾಯಿತು. 2001ರ ಕಾಯಿದೆ ತಿದ್ದುಪಡಿಯ ವರೆಗೂ ಕರ್ನಾಟಕದಲ್ಲಿ ಹೊಲದ ಒಡೆಯನಿಗೆ ತನ್ನ ಹೊಲದ ಗಂಧದ ಮರದ ಮೇಲೆ ಪೂರ್ಣ ಒಡೆತನವಿರಲಿಲ್ಲ. ಸುಗಂಧದ ಚೇಗು ಬಲಿಯಲು ದಶಕಗಳು ಬೇಕು. ಬೇರಿನಲ್ಲಿಯೂ ಎಣ್ಣೆ ಇರುವುದರಿಂದ ಮರವನ್ನು ಕಡಿಯುವ ಬದಲು ಬುಡಸಹಿತ ಕೀಳುತ್ತಾರೆ. ಕಳ್ಳಸಾಗಣೆಯೂ ಸೇರಿ ಕಾಡಿನ ಗಂಧ ವಿರಳವಾಗಿದೆ. ಆದ್ದರಿಂದ ಗಂಧದ ಮಾಲೆಯನ್ನು ಬಯಸುವವನು ಅದರ ಮೂಲವನ್ನು ವಿಚಾರಿಸುವುದು ಧರ್ಮದ ಭಾಗವೇ ಆಗುತ್ತದೆ. ಇದಕ್ಕೆ ಹೋಲಿಸಿದರೆ ಮರವನ್ನು ಕಡಿಯದೆಯೇ ದೊರೆಯುವ ರುದ್ರಾಕ್ಷಿ, ಕಮಲದ ಬೀಜ ಮತ್ತು ತನ್ನಷ್ಟಕ್ಕೇ ರಂಧ್ರವುಳ್ಳ ವೈಜಯಂತಿಯ ಕಾಳುಗಳು ಹಗುರವಾದವು. ಜೈನರಲ್ಲಿ ಬಳಕೆಯಲ್ಲಿರುವ ಹತ್ತಿನೂಲಿನ ಮಾಲೆ ಇವೆಲ್ಲಕ್ಕಿಂತ ಸರಳ. ಅಲ್ಲಿ ದಾರದ ಗಂಟೇ ಮಣಿ. ಬೆಲೆ ಅಲ್ಪ, ಸದ್ದಿಲ್ಲ, ಕದಿಯಲು ಯೋಗ್ಯವಲ್ಲ, ಹೆಮ್ಮೆಪಡಲು ಅವಕಾಶವಿಲ್ಲ. ಅಪರಿಗ್ರಹದ ದೃಷ್ಟಿಯಿಂದ ಇವು ನಾಲ್ಕೂ ಗುಣಗಳೇ.

ದ್ರವ್ಯವನ್ನು ನಿಶ್ಚಯಿಸಿದ ಮೇಲೆ ಉಳಿಯುವುದು ಕೈಯ ಮತ್ತು ಕಾಲದ ಅಳತೆ. ಎಂಟು ಮಿಲಿಮೀಟರ್ ಗಾತ್ರದ 108 ಮಣಿಗಳು ಗಂಟುಗಳನ್ನು ಬಿಟ್ಟು ಸುಮಾರು 86 ಸೆಂಟಿಮೀಟರ್ ಸುತ್ತಳತೆಯಾಗುತ್ತವೆ; ಆರು ಮಿಲಿಮೀಟರಿನವಾದರೆ 65. ವಯಸ್ಸಾದವರ ಬೆರಳಿಗೆ ದೊಡ್ಡ ಮಣಿ ಸುಲಭ. ಪ್ರಯಾಣದಲ್ಲಿರುವವರಿಗೆ 27 ಅಥವಾ 54 ಮಣಿಗಳ ಕಿರುಮಾಲೆ ಸಾಕು. ಪ್ರತಿ ನಮಸ್ಕಾರಕ್ಕೆ ಮೂರು ಉಚ್ಛ್ವಾಸಗಳಂತೆ ಪೂರ್ಣ ಮಾಲೆಗೆ 324 ಉಚ್ಛ್ವಾಸಗಳು ಬೇಕು. ನಿಮಿಷಕ್ಕೆ ಹದಿನೈದು ಉಸಿರಿನ ಲೆಕ್ಕದಲ್ಲಿ ಇಪ್ಪತ್ತೆರಡು ನಿಮಿಷಗಳು. ಅಷ್ಟು ಬಿಡುವಿಲ್ಲದವನು ಪೂರ್ಣ ಮಾಲೆಯನ್ನು ಅವಸರದಿಂದ ಮುಗಿಸುವುದಕ್ಕಿಂತ ಒಂಬತ್ತು ನಮಸ್ಕಾರಗಳನ್ನು ನಿಧಾನವಾಗಿ ಮಾಡುವುದು ಲೇಸು. ನೈಜತೆಯ ಪರೀಕ್ಷೆಗಳಲ್ಲಿಯೂ ಎಚ್ಚರ ಬೇಕು. ನೀರಿನಲ್ಲಿ ಮುಳುಗಿದ್ದೆಲ್ಲ ನಿಜವಾದ ರುದ್ರಾಕ್ಷಿಯಲ್ಲ. ಒಣಗಿದ ನಿಜಬೀಜ ತೇಲಬಹುದು, ಸೀಸ ತುಂಬಿದ ನಕಲಿ ಮುಳುಗಬಹುದು. ಸ್ಫಟಿಕವು ಗಾಜಿಗಿಂತ ಗಟ್ಟಿ; ಮಣಿಯೊಳಗೆ ದುಂಡನೆಯ ಗಾಳಿಗುಳ್ಳೆಗಳು ಕಂಡರೆ ಅದು ಗಾಜು.

ಹೀಗೆ ಆಯ್ದ ಮಾಲೆಯೂ ಸಾಧನೆಯ ಕೊನೆಯ ಮೆಟ್ಟಿಲಲ್ಲ. ಮನುಸ್ಮೃತಿಯು ಉಚ್ಚರಿತ ಜಪಕ್ಕಿಂತ ಉಪಾಂಶುವನ್ನೂ ಉಪಾಂಶುವಿಗಿಂತ ಮಾನಸ ಜಪವನ್ನೂ ಮೇಲಾಗಿ ಎಣಿಸಿದೆ. ಜೈನರಲ್ಲಿ ಮಾಲಾಜಪ, ಹಸ್ತಾಂಗುಲಿ ಜಪ, ಕಮಲಜಪ ಎಂಬ ಮೂರು ವಿಧಾನಗಳಿವೆ. ಹಸ್ತಾಂಗುಲಿಯಲ್ಲಿ ನಾಲ್ಕು ಬೆರಳುಗಳ ಹನ್ನೆರಡು ಗೆಣ್ಣುಗಳನ್ನು ಒಂಬತ್ತು ಸಲ ಎಣಿಸಿದರೆ ನೂರೆಂಟು. ಕಮಲಜಪದಲ್ಲಿ ಹೃದಯದೊಳಗೆ ಎಂಟು ದಳಗಳ ತಾವರೆಯನ್ನು ಕಲ್ಪಿಸಿಕೊಂಡು, ದಳಕ್ಕೆ ಹನ್ನೆರಡರಂತೆ ಮತ್ತು ಕರ್ಣಿಕೆಯಲ್ಲಿ ಹನ್ನೆರಡು ಬಿಂದುಗಳನ್ನು ಚಿಂತಿಸಿದರೆ ಅದೇ ಸಂಖ್ಯೆ. ಶುಭಚಂದ್ರರ ‘ಜ್ಞಾನಾರ್ಣವ’ ಮತ್ತು ಹೇಮಚಂದ್ರರ ‘ಯೋಗಶಾಸ್ತ್ರ’ಗಳು ನಿರೂಪಿಸುವ ಪದಸ್ಥಧ್ಯಾನದ ನೆಲೆಯಿದು. ಐದು ಪದಗಳನ್ನು 120 ಬಗೆಯ ಕ್ರಮಪಲ್ಲಟಗಳಲ್ಲಿ ಸ್ಮರಿಸುವ ‘ಆನುಪೂರ್ವಿ’ಯ ಉದ್ದೇಶವೂ ಇದೇ: ಬೆರಳು ತಾನಾಗಿ ಸರಿಯುವಾಗ ಅಲೆಯುವ ಮನಸ್ಸನ್ನು ಎಣಿಕೆಯ ಒಳಕ್ಕೆ ಮರಳಿ ಕರೆಯುವುದು.

ಭಾಸ್ಕರ ಕವಿಯು 1424ರಲ್ಲಿ ಭಾಮಿನೀ ಷಟ್ಪದಿಯಲ್ಲಿ ರಚಿಸಿದ ‘ಜೀವಂಧರ ಚರಿತೆ’ಯ ನಾಯಕನು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸಿದನೆಂದೂ ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತೆಂದೂ ಜೀವಂಧರನ ಕಥೆ ಹೇಳುತ್ತದೆ. ಅಲ್ಲಿ ಮಾಲೆಯಿಲ್ಲ, ನೂರೆಂಟರ ಲೆಕ್ಕವೂ ಇಲ್ಲ. ನೋಯುವ ಜೀವದ ಕಡೆಗೆ ಬಾಗಿದ ಮನುಷ್ಯನಿದ್ದಾನೆ, ಅಷ್ಟೆ. ಮಾಲೆಯನ್ನು ಆರಿಸುವವನಿಗೆ ಇದಕ್ಕಿಂತ ಉತ್ತಮವಾದ ಮಾನದಂಡ ದೊರಕದು. ಯಾವ ಜೀವದ ನೋವಿನಿಂದಲೂ ಹುಟ್ಟದ, ಕಳೆದುಹೋದರೂ ದುಃಖ ತಾರದ ಮಾಲೆಯೇ ಸಾಧಕನಿಗೆ ತಕ್ಕ ಮಾಲೆ.