ವಿಮಾನ ಹತ್ತುವ ಮೊದಲು ಆಸ್ಪಿರಿನ್ ನುಂಗಬೇಕೇ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದ ನಮ್ಮ ದೊಡ್ಡಮ್ಮನಿಗೆ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂತು: ರಾತ್ರಿಯಿಡೀ ವಿಮಾನದಲ್ಲಿ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮೊದಲೇ ಒಂದು ಆಸ್ಪಿರಿನ್ ನುಂಗಿದರೆ ಭಯವಿಲ್ಲ. ಇದೇ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಮೊದಲ ಮಾತು ನಿಜ, ಎರಡನೆಯದು ಸರಿಯಲ್ಲ.

ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಹಿಂಡಿ ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತವೆ. 2021ರ ಜನವರಿಯಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ನೇರ ವಿಮಾನದ ಪ್ರಯಾಣ ಸುಮಾರು 17 ಗಂಟೆಯದಾಗಿತ್ತು. ಅಷ್ಟು ಹೊತ್ತು ಮಂಡಿ ಮಡಚಿ ಕೂತರೆ ರಕ್ತದ ಹರಿವು ನಿಧಾನವಾಗುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಮಾತ್ರ. ಅಂದಹಾಗೆ, ಇದು ವಿಮಾನಕ್ಕಷ್ಟೇ ಸೀಮಿತವಲ್ಲ. ಬೆಂಗಳೂರಿನಿಂದ ಬೀದರ್‌ಗೆ ರಾತ್ರಿ ಬಸ್ಸಿನಲ್ಲಿ ಅಲುಗಾಡದೆ ಕೂತರೂ ಅಷ್ಟೇ.

ಇನ್ನು ಆಸ್ಪಿರಿನ್. ಡೆಂಗ್ಯೂ ಬಂದಾಗ ಎಲ್ಲರ ಬಾಯಲ್ಲೂ ಓಡಾಡುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ಅದು ತಡೆಯುತ್ತದೆ. ಹೃದಯಾಘಾತ ತರುವ ಹೆಪ್ಪಿನಲ್ಲಿ ಪ್ಲೇಟ್‌ಲೆಟ್‌ಗಳ ಪಾತ್ರ ದೊಡ್ಡದು. ಆದರೆ ನಿಧಾನವಾಗಿ ಹರಿಯುವ ಕಾಲಿನ ರಕ್ತ ಹೆಪ್ಪುಗಟ್ಟುವುದು ಮುಖ್ಯವಾಗಿ ಫೈಬ್ರಿನ್ ಎಂಬ ಪ್ರೋಟೀನಿನ ಬಲೆಯಿಂದ. ಅಲ್ಲಿ ಆಸ್ಪಿರಿನ್‌ನ ಆಟ ಹೆಚ್ಚು ನಡೆಯದು. ಹೊಟ್ಟೆಯಲ್ಲಿ ಹುಣ್ಣಿದ್ದರೆ ರಕ್ತಸ್ರಾವ, ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ, ಇವು ಮಾತ್ರ ಆಗಬಹುದು. ಅಪಾಯದ ಅಂಶಗಳಿಲ್ಲದ ಪ್ರಯಾಣಿಕರಿಗೆ ಆಸ್ಪಿರಿನ್ ಬೇಡವೆಂಬುದೇ ಅಮೆರಿಕದ ರಕ್ತಶಾಸ್ತ್ರ ತಜ್ಞರ ಸಂಘದ 2018ರ ಸಲಹೆ. ಹೃದಯದ ತೊಂದರೆಗೆಂದು ವೈದ್ಯರು ಬರೆದುಕೊಟ್ಟಿದ್ದರೆ ಅದು ಬೇರೆ ಮಾತು, ಅದನ್ನು ನಿಲ್ಲಿಸಬೇಡಿ.

ಹಾಗಾದರೆ ಏನು ಮಾಡಬೇಕು? ಎದ್ದು ನಾಲ್ಕು ಹೆಜ್ಜೆ ಓಡಾಡಿ. ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಪಕ್ಕದವರನ್ನು ಎಬ್ಬಿಸಲು ಸಂಕೋಚಪಡುವವರು ಕಿಟಕಿ ಸೀಟಿನ ಆಸೆ ಬಿಡಿ. ನಿದ್ದೆ ಮಾತ್ರೆ ಬೇಡ. ಹಿಂದೆ ಹೆಪ್ಪು ಕಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಬಾಣಂತಿಯರು ಹೊರಡುವ ಮುನ್ನವೇ ವೈದ್ಯರನ್ನು ಕಾಣಬೇಕು. ಕೆಲವರಿಗೆ ಕಾಲು ಬಿಗಿಹಿಡಿಯುವ ವಿಶೇಷ ಸಾಕ್ಸ್, ಇನ್ನು ಕೆಲವರಿಗೆ ಇಂಜೆಕ್ಷನ್ ಬೇಕಾಗಬಹುದು.

ಇಳಿದ ಮೇಲೆ ಎರಡೂ ಪಾದ ಸ್ವಲ್ಪ ಊದಿಕೊಳ್ಳುವುದು ಸಾಮಾನ್ಯ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ "ಪ್ರಯಾಣದ ಆಯಾಸ" ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ. ಈ ಅಪಾಯ ಸುಮಾರು ನಾಲ್ಕು ವಾರ ಇರುವುದರಿಂದ, ವಿಮಾನದಲ್ಲಿ ಬಂದದ್ದು ಯಾವಾಗ ಎಂಬುದನ್ನೂ ಅವರಿಗೆ ಹೇಳಿ.