ಸೂಪಾ ಕಾಡು ಯಾರಿಗೆ ಅಂಚು? ಉಳವಿಯ ಯಾತ್ರಾಪಥ ಮತ್ತು ಕುಮರಿ ಬೇಸಾಯದ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಅರಣ್ಯ ಬರಹಗಳಲ್ಲಿ ಸೂಪಾ ಸೀಮೆ, ಅಂದರೆ ಇಂದಿನ ಜೊಯಿಡಾ ತಾಲ್ಲೂಕು, ತೇಗದ ನೆಲವಾಗಿ, ಚಳಿಜ್ವರದ ನೆಲವಾಗಿ ಬರುತ್ತದೆ. ಅಲ್ಲಿ ಜನರಿದ್ದಾರೆ ಎಂಬುದನ್ನು ಆ ಬರಹಗಳು ಅಲ್ಲಗಳೆಯುವುದಿಲ್ಲ. ಆದರೆ ಅವರು ಮರ ಕಡಿದು, ಸುಟ್ಟು, ಬಿತ್ತಿ, ಮುಂದಿನ ಗುಡ್ಡಕ್ಕೆ ಸರಿಯುವ ಕುಮರಿ ಬೇಸಾಯದವರು, ನೆಲಕ್ಕೆ ಬೇರೂರದವರು. ಇಂದಿನ ಇತಿಹಾಸಕಾರರು ಈ ದೂಷಣೆಯನ್ನು ಸರಿಯಾಗಿಯೇ ತಿರಸ್ಕರಿಸಿದ್ದಾರೆ. ಆದರೂ ಅದರ ಹಿಂದಿನ ಚಿತ್ರವನ್ನು, ಹೊರಗಿನ ಲೋಕ ಮುಟ್ಟದ ಒಂಟಿ ಕಾಡಿನ ಚಿತ್ರವನ್ನು, ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಈ ಲೇಖನದ ತಕರಾರು ಆ ಚಿತ್ರದ ಬಗ್ಗೆ. ಅಲ್ಲಿಯ ಲಿಂಗಾಯತ ಯಾತ್ರಾಸ್ಥಳವಾದ ಉಳವಿಯನ್ನು ನಡುವಿಗಿಟ್ಟು ನೋಡಿದರೆ ಸೂಪಾ ಕಾಡು ಯಾವ ನಾಡಿನ ಅಂಚೂ ಆಗಿ ಕಾಣುವುದಿಲ್ಲ.

ಎಲ್ಲರೂ ಒಪ್ಪುವ ಸಂಗತಿಗಳನ್ನು ಬೇಗ ಮುಗಿಸಬಹುದು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕರಾವಳಿ ಹಿಡಿದು ಬಂದು, ಘಟ್ಟ ಹತ್ತಿ, ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳನ್ನು ನೋಡಿ ಬರೆದ. ಅವನ ಬರಹ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಹಡಗು ಕಟ್ಟಲು ತೇಗ ಬೇಕೆಂದು ಪಶ್ಚಿಮ ಕರಾವಳಿಯಲ್ಲಿ ಜಾರಿಯಾದ ಮರದ ಏಕಸ್ವಾಮ್ಯವನ್ನು 1823ರಲ್ಲಿ ಮನ್ರೋನೇ ಮದ್ರಾಸಿನ ಗವರ್ನರ್ ಆಗಿ ರದ್ದುಮಾಡಿದ. 1847ರಲ್ಲಿ ಮುಂಬಯಿ ಪ್ರಾಂತಕ್ಕೆ ಅಲೆಕ್ಸಾಂಡರ್ ಗಿಬ್ಸನ್, 1856ರಲ್ಲಿ ಮದ್ರಾಸಿಗೆ ಹ್ಯೂ ಕ್ಲೆಗ್‌ಹಾರ್ನ್ ಅರಣ್ಯ ಸಂರಕ್ಷಕರಾದರು. ಸರ್ಕಾರಿ ಕಾಡಿನಲ್ಲಿ ಅಪ್ಪಣೆಯಿಲ್ಲದೆ ಕುಮರಿ ಕಡಿಯಕೂಡದೆಂದು ಮದ್ರಾಸ್ ಸರ್ಕಾರ 1860ರಲ್ಲಿ ಆಜ್ಞೆ ಹೊರಡಿಸಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿತು. 1878ರ ಅರಣ್ಯ ಕಾಯ್ದೆಯಿಂದಾಚೆ ಕಾಯ್ದಿಟ್ಟ ಅರಣ್ಯದ ಗೆರೆಗಳು ಊರುಗಳ ಕೊರಳಿಗೆ ಬಂದವು. ಮಾರ್ಲೀನ್ ಬುಶಿಯವರ 1996ರ ಗ್ರಂಥ ಜಿಲ್ಲೆಯ ಈ ಕಥೆಯನ್ನು ತೇಗ ಮತ್ತು ಅಡಿಕೆಯ ಮೂಲಕ ಹೇಳುತ್ತದೆ. ಅದರ ಮುಖ್ಯ ನಿಲುವುಗಳ ಬಗ್ಗೆ ನನಗೆ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಇರುವುದು ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರ ತಮ್ಮ ಪ್ರಸಿದ್ಧ ಕೃತಿಯಲ್ಲಿ ಮಂಡಿಸಿದ ಮಾದರಿಯ ಬಗ್ಗೆ. ಒಂದು ಪ್ರದೇಶದ ಜಾತಿಗಳು ನಿಸರ್ಗದ ಸಂಪತ್ತನ್ನು ತಮ್ಮೊಳಗೆ ಪಾಲು ಮಾಡಿಕೊಂಡಿದ್ದವು, ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕುತ್ತಿರಲಿಲ್ಲ, ಆದ್ದರಿಂದಲೇ ಬಳಕೆ ಮಿತಿಯಲ್ಲಿತ್ತು ಎಂಬುದು ಅವರ ವಾದ. ಉತ್ತರ ಕನ್ನಡದ ಕ್ಷೇತ್ರಕಾರ್ಯ ಈ ವಾದಕ್ಕೆ ದೊಡ್ಡ ಆಧಾರ. ವಸಾಹತು ಅಧಿಕಾರಿಗಳ ತಾತ್ಸಾರಕ್ಕೆ ಇದು ಗಟ್ಟಿಯಾದ ಉತ್ತರ ಎಂಬುದನ್ನು ಮೊದಲು ಒಪ್ಪಬೇಕು. ಕುಣಬಿಗಳ ಕುಮರಿ, ಗೌಳಿಗಳ ಎಮ್ಮೆ, ಹವ್ಯಕರ ತೋಟ, ಇವೆಲ್ಲ ಪರಸ್ಪರ ಹೊಂದಿಕೊಂಡ ಬದುಕುಗಳೆಂದು ಕಾಣಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಈ ಲೆಕ್ಕ ಸ್ಥಳೀಯರಿಗೇ ಮುಗಿಯುತ್ತದೆ. ವರ್ಷಕ್ಕೊಮ್ಮೆ ಬಂದು ಮೇಯಿಸಿ, ಉಂಡು, ಮಲಗಿ, ಹೋಗುವ ಪರಸ್ಥಳದವರಿಗೆ ಅದರಲ್ಲಿ ಜಾಗವಿಲ್ಲ. ಉಳವಿ ಇರುವುದೇ ಅಂಥವರಿಂದ.

ಕಲ್ಯಾಣದ ಕ್ರಾಂತಿಯ ನಂತರ ಚೆನ್ನಬಸವಣ್ಣನವರು, ಅಕ್ಕನಾಗಮ್ಮನವರು ಮತ್ತು ಹಲವು ಶರಣರು ಉಳವಿಗೆ ಬಂದರೆಂದು, ಚೆನ್ನಬಸವಣ್ಣನವರು ಅಲ್ಲೇ ಐಕ್ಯರಾದರೆಂದು ಲಿಂಗಾಯತ ಪರಂಪರೆ ನಂಬುತ್ತದೆ. ಸಮಾಧಿಸ್ಥಳದ ಸುತ್ತಲಿನ ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ, ವಿಭೂತಿ ಕಣಜಗಳು ಆ ನೆನಪಿಗೆ ಅಂಟಿಕೊಂಡಿವೆ. ಹನ್ನೆರಡನೆಯ ಶತಮಾನದ ಘಟನೆಗಳ ನಿಜ ಎಷ್ಟು ಎಂಬ ಪ್ರಶ್ನೆಗೆ ನಾನಿಲ್ಲಿ ಕೈಹಾಕುವುದಿಲ್ಲ. ನನ್ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಬೇಕಾಗಿರುವುದು ಒಂದು ಕಾಲಮಿತಿ. ಈ ಪಯಣವನ್ನು ಹೇಳುವ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 1584ರದು. ಅಂದರೆ ಗಿಬ್ಸನ್, ಕ್ಲೆಗ್‌ಹಾರ್ನ್ ಹುಟ್ಟುವುದಕ್ಕೆ ಎರಡು ಶತಮಾನ ಮೊದಲೇ ಉಳವಿಯ ದಿಕ್ಕಿನ ಈ ಪಯಣ ಬಯಲುಸೀಮೆಯ ಪುರಾಣಲೋಕಕ್ಕೆ ಸೇರಿಹೋಗಿತ್ತು. ಕಾವ್ಯದಲ್ಲಿ ಹೆಸರು ಬಂದ ಮಾತ್ರಕ್ಕೆ ದಾರಿಯಲ್ಲಿ ಜನ ನಡೆದರು ಎಂದಾಗುವುದಿಲ್ಲ, ನಿಜ. ಕೈಲಾಸಕ್ಕೂ ಕಾವ್ಯದಲ್ಲಿ ದಾರಿಯಿದೆ. ಆದರೆ ಉಳವಿಯಲ್ಲಿ ಸಮಾಧಿ ಉಳಿದಿದೆ, ಪೂಜೆ ಉಳಿದಿದೆ. ನಡೆಸಿಕೊಂಡು ಬಂದವರಿಲ್ಲದೆ ಇವು ಉಳಿಯುವುದು ಹೇಗೆ? ಸುತ್ತಲಿನ ಹಾಡಿಗಳ ಕುಣಬಿಗಳು ಹೆಚ್ಚಾಗಿ ಕೊಂಕಣಿ ಆಡುವವರು, ಲಿಂಗಾಯತರಲ್ಲ. ಹಾಗಾಗಿ ಈ ಕ್ಷೇತ್ರವನ್ನು ಬದುಕಿಸಿದ ಭಕ್ತಿಯ ದೊಡ್ಡ ಪಾಲು ಘಟ್ಟದ ಆಚೆಯ ಬಯಲಿನಿಂದ ಬಂದಿರಬೇಕು.

ಇಲ್ಲೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಬಾಸೆಲ್ ಮಿಷನ್ನಿನ ವುರ್ತ್ ಪಾದ್ರಿ ಮಾಡಿದ ಚೆನ್ನಬಸವಪುರಾಣದ ಸಂಕ್ಷಿಪ್ತ ಇಂಗ್ಲಿಷ್ ಅನುವಾದ 1860ರ ದಶಕದ ನಡುವಿನಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಉತ್ತರ ಕನ್ನಡ ಮುಂಬಯಿಗೆ ಸೇರಿ ಆಗಿನ್ನೂ ಕೆಲವೇ ವರ್ಷ. ಒಂದೇ ಪ್ರಾಂತದ, ಒಂದೇ ನಗರದ ವಿದ್ವಾಂಸರು ಲಿಂಗಾಯತರ ಪವಿತ್ರ ಚರಿತ್ರೆಯನ್ನು ಓದುತ್ತಿದ್ದ ಹೊತ್ತಿನಲ್ಲೇ ಅರಣ್ಯದ ಕಡತಗಳು ಅದೇ ನೆಲವನ್ನು ಘನ ಅಡಿಗಳಲ್ಲಿ ಅಳೆಯುತ್ತಿದ್ದವು. ಪುರಾಣ ಧರ್ಮದ ವಿಷಯ, ಕಾಡು ಕಂದಾಯದ ವಿಷಯ ಎಂದು ಅರಿವನ್ನೇ ಎರಡು ಕಪಾಟುಗಳಲ್ಲಿ ಬೇರೆಬೇರೆಯಾಗಿ ಇಟ್ಟದ್ದರಿಂದ ಸೂಪಾ ಜನವಿರಳ ಅಂಚಾಗಿ ಕಂಡಿತು ಎಂಬುದು ನನ್ನ ಮೊದಲ ಪ್ರತಿಪಾದನೆ.

ಎರಡನೆಯದು ಇದಕ್ಕಿಂತ ದಿಟ್ಟವಾದದ್ದು, ಎಚ್ಚರದಿಂದಲೇ ಮುಂದಿಡುತ್ತೇನೆ. ಉಳವಿಯ ಯಾತ್ರೆ ಮತ್ತು ಕುಮರಿ ಒಂದಕ್ಕೊಂದು ಆಸರೆಯಾಗಿದ್ದವು.

ಜಾತ್ರೆ ನಡೆಯುವುದು ಮಾಘದಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ. ಧಾರವಾಡ, ಬೆಳಗಾವಿ, ಗದಗ, ಬಾಗಲಕೋಟೆ ಕಡೆಯ ರೈತರು ಇಂದಿಗೂ ಎತ್ತಿನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಧಾರವಾಡದಿಂದಲೇ ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಹೇರು ಹೊತ್ತ ಎತ್ತು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ನಡೆದೀತು. ಅಂದರೆ ಹೋಗುವಾಗ ನಾಲ್ಕಾರು ವಸತಿ, ಬರುವಾಗ ಅಷ್ಟೇ. ಪ್ರತಿ ವಸತಿಯಲ್ಲೂ ನೀರು, ಮೇವು, ಎತ್ತು ಬಿಚ್ಚಲು ಬಯಲು ಬೇಕು. ದಟ್ಟ ಕಾಡಿನಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿರುವುದು ಗದ್ದೆಯ ಅಂಚಿನಲ್ಲಿ, ಬೇಣದಲ್ಲಿ, ರಾಗಿ ಕೊಯ್ದು ಬಿಟ್ಟ ಹಳೆಯ ಕುಮರಿಯಲ್ಲಿ. ಮಳೆಗಾಲ ಕಳೆದ ಮೇಲೆ ಮರ ಕಡಿದು, ಒಣಗಲು ಬಿಟ್ಟು, ಬೇಸಿಗೆಯ ಕೊನೆಗೆ ಬೆಂಕಿ ಕೊಟ್ಟು, ಮೊದಲ ಮಳೆಗೆ ಬಿತ್ತುವುದು ಕುಮರಿಯ ಕ್ರಮ. ಒಂದೆರಡು ಬೆಳೆಯ ನಂತರ ಆ ಜಾಗವನ್ನು ಹತ್ತಾರು ವರ್ಷ ಕಾಡಿಗೇ ಬಿಡುತ್ತಿದ್ದರು. ಜಾತ್ರೆ ಬರುವುದು ಕಡಿತಕ್ಕೂ ಬೆಂಕಿಗೂ ನಡುವೆ. ಆಗ ಕೊಯ್ಲು ಮುಗಿದಿರುತ್ತದೆ, ಹೊಳೆಗಳು ಇಳಿದಿರುತ್ತವೆ. ಕಾಡಿನ ಜನರಿಗೆ ಬಿಡುವು, ಬಯಲಿನ ಜನರಿಗೂ ಬಿಡುವು.

ಈ ಹೊಂದಾಣಿಕೆಯಿಂದ ಎಷ್ಟು ಹೇಳಬಹುದು? ಯಾತ್ರಿಕರಿಗಾಗಿ ಕುಮರಿ ಕಡಿಯುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಕುಣಬಿಗಳಿಗೂ ಯಾತ್ರಿಕರಿಗೂ ಒಪ್ಪಂದವಿತ್ತೆಂದೂ ಹೇಳುತ್ತಿಲ್ಲ. ಚಕ್ಕಡಿಯನ್ನೇ ಪುರಾತನವೆಂದು ಭಾವಿಸುವುದೂ ಅಪಾಯ. ತೇಗದ ದಿಮ್ಮಿ ಸಾಗಿಸಲು ಅರಣ್ಯ ಇಲಾಖೆ ಮಾಡಿದ ಹಾದಿಗಳೇ ಗಾಲಿಗೂ ಹಾದಿಯಾಗಿರಬಹುದು. ಹಾಗಿದ್ದರೆ ಇಂದು ನಾವು ನೋಡುವ ಚಕ್ಕಡಿ ಯಾತ್ರೆಯ ರೂಪ ಒಂದಂಶದಲ್ಲಿ ವಸಾಹತು ಕಾಲದ್ದೇ. ಈ ಆಕ್ಷೇಪ ಬಲವಾದದ್ದು. ಅದಕ್ಕೆ ಮಣಿದು ನನ್ನ ವಾದವನ್ನು ಕಾಲುನಡಿಗೆಯವರಿಗೆ, ಹೇರೆತ್ತುಗಳಿಗೆ ಮಿತಿಗೊಳಿಸುತ್ತೇನೆ. ಉಪ್ಪು, ಧಾನ್ಯ ಹೇರಿಕೊಂಡು ಘಟ್ಟ ಹತ್ತಿಳಿಯುತ್ತಿದ್ದ ಹೇರೆತ್ತುಗಳಿಗೆ ಗಾಲಿಯ ರಸ್ತೆ ಬೇಕಿರಲಿಲ್ಲ. ಹುಲ್ಲು, ನೀರು ಮಾತ್ರ ಬೇಕಿತ್ತು. ಇಷ್ಟು ಕಡಿತಗೊಳಿಸಿದ ಮೇಲೂ ಒಂದು ಮಾತು ನಿಲ್ಲುತ್ತದೆ. ಜನ ಜಾನುವಾರುಗಳ ವಾರ್ಷಿಕ ಸಂಚಾರವನ್ನು ತಾಳಿಕೊಳ್ಳಲು ಬೇಕಾದ ಬಿಡಿಬಯಲುಗಳನ್ನು ಈ ಕಾಡಿನಲ್ಲಿ ಉಳಿಸಿಕೊಂಡು ಬಂದದ್ದು ಸಾಗುವಳಿ. ಅದರಲ್ಲಿ ಕುಮರಿಯ ಪಾಲು ಚಿಕ್ಕದಲ್ಲ. ಅರಣ್ಯಾಧಿಕಾರಿ ಹಾಳು ಎಂದು ಬರೆದ ಜಾಗ ಯಾತ್ರಿಕನಿಗೆ ತಂಗುದಾಣವಾಗಿದ್ದಿರಬಹುದು.

ಜನ ಬಳಸುತ್ತಿದ್ದ ನೆಲವನ್ನು ಹಾಳೆಂದು ಕಾಣುವ ಈ ಕುರುಡುತನ ಕೆನರಾಕ್ಕೆ ಮಾತ್ರ ಸೀಮಿತವಲ್ಲ. ಕುಮರಿಯ ಆಜ್ಞೆ ಹೊರಟ 1860ರಲ್ಲೇ, ಆಗಸ್ಟ್ 20ರಂದು, ಅನ್ವೇಷಕರಾದ ಬರ್ಕ್ ಮತ್ತು ವಿಲ್ಸ್ ಆಸ್ಟ್ರೇಲಿಯದ ಒಳನಾಡನ್ನು ದಾಟಲು ಮೆಲ್ಬರ್ನಿನಿಂದ ಹೊರಟರು. ಮರಳುವಾಗ 1861ರಲ್ಲಿ ಕೂಪರ್ಸ್ ಕ್ರೀಕಿನಲ್ಲಿ ಇಬ್ಬರೂ ಸೊರಗಿ ಸತ್ತರು. ಯಾಂಡ್ರುವಾಂಡ ಜನ ತಲೆಮಾರುಗಳಿಂದ ಹೊಟ್ಟೆ ತುಂಬಿಸಿಕೊಂಡಿದ್ದ ನೆಲವದು. ಒಳನಾಡು ದಾಟಿದವರಲ್ಲಿ ಆ ಜನರ ಆಶ್ರಯದಲ್ಲಿ ಉಳಿದ ಕಿಂಗ್ ಒಬ್ಬನೇ ಬದುಕಿ ಬಂದ. ಆ ನೆಲದ ಮೂಲನಿವಾಸಿಗಳು ಬೆಂಕಿಯಿಂದಲೇ ಭೂಮಿಯನ್ನು ಹದಮಾಡಿದ್ದರೆಂದು ಬಿಲ್ ಗಾಮೇಜ್ 2011ರಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ.

ಹೋಲಿಕೆಯನ್ನು ಇಲ್ಲಿಂದ ಮುಂದೆ ಎಳೆಯಲಾಗದು. ಆಸ್ಟ್ರೇಲಿಯದಲ್ಲಿ ಕಾನೂನು ನೆಲಕ್ಕೆ ಒಡೆಯರೇ ಇಲ್ಲವೆಂದಿತು. ಆ ನಿಲುವು ಬಿದ್ದದ್ದು 1992ರ ಮಾಬೊ ತೀರ್ಪಿನಲ್ಲಿ. ಕೆನರಾದಲ್ಲಿ ವರ್ಗ, ಪಟ್ಟೆ, ಕಂದಾಯದ ದಾಖಲೆ ಎಲ್ಲವೂ ಇದ್ದವು. 1879ರ ಭಾಸ್ಕರಪ್ಪ ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟು ಜಿಲ್ಲೆಯ ಭೂಹಿಡುವಳಿಯ ಚರಿತ್ರೆಯನ್ನು ಉದ್ದಕ್ಕೂ ಶೋಧಿಸಿತು. ಕೊನೆಗೆ ಗೆದ್ದದ್ದು ಕಾಡು ಸರ್ಕಾರದ್ದೆಂಬ ವಾದ. ಅಂಥ ಶೋಧನೆಗೆ ಸಿಗುವುದು ಕಾಗದ ಇದ್ದವನ ಹಕ್ಕು ಮಾತ್ರ. ಸರದಿಯ ಮೇಲೆ ಗುಡ್ಡ ಬದಲಿಸುವ ಕುಣಬಿಗೆ ತೋರಿಸಲು ಕಾಗದವಿರಲಿಲ್ಲ. ವರ್ಷಕ್ಕೊಮ್ಮೆ ಹಾದುಹೋಗುವ ಯಾತ್ರಿಕ ತನಗೆ ಹಕ್ಕಿದೆಯೆಂದು ಕೇಳಲೇ ಇಲ್ಲ. ಅಲ್ಲಿ ಜನರನ್ನು ಲೆಕ್ಕದಿಂದ ಬಿಟ್ಟರು. ಇಲ್ಲಿ ಜನರನ್ನು ಲೆಕ್ಕ ಹಿಡಿದು ಅವರ ಸಂಚಾರವನ್ನು ಬಿಟ್ಟರು.

ಗಾಡ್ಗೀಳ್ ಮತ್ತು ಗುಹಾ ಅವರ ಮಾದರಿಯನ್ನು ಕೈಬಿಡಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಸ್ಥಳೀಯ ಪಾಲುಗಾರಿಕೆಯ ಮೇಲೆ ಕಾಲಕಾಲಕ್ಕೆ ಬಂದುಹೋಗುವವರ ಇನ್ನೊಂದು ಪದರವನ್ನು ಸೇರಿಸಿ ಓದಬೇಕು ಎಂಬಷ್ಟೇ ನನ್ನ ಕೋರಿಕೆ. ಆ ಪದರದ ದಟ್ಟಣೆ ಎಷ್ಟು, ಅದು ಯಾವ ಶತಮಾನದಲ್ಲಿ ಹೆಚ್ಚಿತು, ಕುಮರಿ ನಿಂತ ಮೇಲೆ ವಸತಿಗಳು ಸ್ಥಳ ಬದಲಿಸಿದವೆ ಎಂಬುದನ್ನು ತೀರ್ಮಾನಿಸುವಷ್ಟು ಆಧಾರ ಈ ಲೇಖನದಲ್ಲಿಲ್ಲ. ಕಾಳಿ ಮತ್ತು ಪಾಂಡ್ರಿ ಹೊಳೆಗಳ ಸಂಗಮದಲ್ಲಿದ್ದ ಹಳೆಯ ಸೂಪಾ ಊರು ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಅಲ್ಲಿಯ ಹಾದಿಗಳನ್ನು ನಡೆದು ಪರೀಕ್ಷಿಸಲು ಇನ್ನು ಬರುವುದಿಲ್ಲ. ಮುಳುಗಡೆಗೆ ಮುಂಚಿನ ಭೂಮಾಪನ ನಕ್ಷೆಗಳನ್ನು ಚಕ್ಕಡಿ ಕಟ್ಟುವ ಮನೆತನಗಳ ವಸತಿ ನೆನಪುಗಳೊಂದಿಗೆ, ಬಯಲುಸೀಮೆಯ ಮಠಗಳ ಲೆಕ್ಕದ ಕಡತಗಳೊಂದಿಗೆ ಇಟ್ಟು ನೋಡುವ ಕೆಲಸ ಬಾಕಿಯಿದೆ. ಜೊಯಿಡಾದ ಕುಣಬಿ ಹಿರಿಯರು ಜಾತ್ರೆಯ ಜನರನ್ನು ಹೇಗೆ ಕಂಡರು ಎಂಬುದನ್ನು ಅವರ ಮಾತಿನಲ್ಲೇ, ಕೊಂಕಣಿಯಲ್ಲೇ, ದಾಖಲಿಸುವುದು ಅದರಲ್ಲಿ ಮೊದಲಾಗಬೇಕು. ನನ್ನ ಎರಡನೆಯ ಪ್ರತಿಪಾದನೆ ನಿಲ್ಲುವುದೋ ಬೀಳುವುದೋ ಆ ಸಾಕ್ಷ್ಯದ ಮೇಲೆ.